ಹರಿವಾಣ ಸಾಕು, ವಿಸಿಲ್ ಕೊಡಿ!

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಯುವಕ ಮಂಡಲ, ಫ್ರೆಂಡ್ಸ್ ಕ್ಲಬ್, ಪಂದ್ಯಾಟ ಸಮಿತಿಗಳ ಬಂಧುಗಳೇ,

ಮಳೆ ನಿಂತು ಗದ್ದೆ ಒಣಗಿದರೆ ಸಾಕು, ನಮ್ಮ ಊರುಗಳಲ್ಲಿ ಹೊನಲು ಬೆಳಕಿನ ಪಂದ್ಯಾಟದ ಬ್ಯಾನರ್‌ಗಳು ಏಳುತ್ತವೆ. ಒಂದು ಕಡೆ 60 ಕೆ.ಜಿ. ವಿಭಾಗದ ಕಬಡ್ಡಿ, ಇನ್ನೊಂದು ಕಡೆ ವಾಲಿಬಾಲ್, ಮತ್ತೊಂದು ಕಡೆ ಅಂಡರ್ ಆರ್ಮ್ ಕ್ರಿಕೆಟ್. ಬ್ಯಾನರಿನ ತುಂಬ ಮುಖಗಳು. ಅದರಲ್ಲಿ ಹೆಂಗಸರದ್ದು ಎಷ್ಟು, ಒಮ್ಮೆ ಎಣಿಸಿ ನೋಡಿ. ಅಂಗಣದಲ್ಲಿ ಅವರು ಕಾಣಿಸಿಕೊಳ್ಳುವುದು ಎರಡೇ ಹೊತ್ತು: ಉದ್ಘಾಟನೆಗೆ ದೀಪದ ಪಕ್ಕ, ಬಹುಮಾನಕ್ಕೆ ಹರಿವಾಣ ಹಿಡಿದುಕೊಂಡು. ನಡುವಿನ ಇಡೀ ರಾತ್ರಿ ಬೆಂಚಿನಲ್ಲಿ ಕೂತು "ಬೋನಸ್ ಬಿಡಬೇಡ್ರೋ, ಕಾಲು ಹಿಡೀರಿ" ಎಂದು ಗಂಟಲು ಹರಿದುಕೊಳ್ಳುವವರು ಗಂಡಸರು.

ಆದರೆ ಆ ಹುಡುಗರಿಗೆ ಮೊದಲು ಕಾಲು ಹಿಡಿಯಲು ಕಲಿಸಿದ್ದು ಯಾರು? ನಿಮ್ಮ ತಂಡದ ಏಳು ಮಂದಿಯನ್ನೇ ಕೇಳಿ. ಒಬ್ಬನಾದರೂ ಶಾಲೆಯ ಪಿ.ಟಿ. ಟೀಚರಮ್ಮನ ಹೆಸರು ಹೇಳಿಯಾನು. ಸುಣ್ಣದ ಪುಡಿ ಉದುರಿಸಿ ಗೆರೆ ಎಳೆದವರು, ಸರ್ವಿಸ್ ಬಸ್ಸಿನಲ್ಲಿ ತಾಲೂಕು ಮಟ್ಟದ ಪಂದ್ಯಾಟಕ್ಕೆ ಕರೆದೊಯ್ದವರು, ಮೊಣಕಾಲು ತರಚಿದಾಗ ಬ್ಯಾಂಡೇಜು ಸುತ್ತಿ "ಸಾಕು ಅತ್ತದ್ದು, ಒಳಗೆ ಹೋಗು" ಎಂದವರು ಅವರು. ಹತ್ತನೇ ಕ್ಲಾಸಿನ ತನಕ ಅವರಿಗೆ ಗೊತ್ತಿದ್ದ ಆಟ, ಹುಡುಗ ಕ್ಲಬ್ಬಿನ ಜೆರ್ಸಿ ಹಾಕಿದ ದಿನ ಮರೆತುಹೋಗುತ್ತದೆಯೇ?

"ಗಂಡಸರ ಆಟವೇ ಬೇರೆ" ಎನ್ನುವವರಿದ್ದಾರೆ. ಎಷ್ಟು ಬೇರೆ? ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಹಿಳೆಯರದ್ದು 12 ಮತ್ತು 8. ಪುರುಷರಿಗೆ ಅರ್ಧಕ್ಕೆ 20 ನಿಮಿಷ, ಮಹಿಳೆಯರಿಗೆ 15. ರೈಡಿಗೆ ಇಬ್ಬರಿಗೂ ಅದೇ 30 ಸೆಕೆಂಡು, ಅಂಕಣದಲ್ಲಿ ಅದೇ ಏಳು ಮಂದಿ, ಅದೇ ಬೋನಸ್ ಗೆರೆ. ಚೈನ್ ಕಟ್ಟಿದ ಇಬ್ಬರಲ್ಲಿ ಯಾರ ಕೈ ಮೊದಲು ಸಡಿಲುತ್ತದೆ ಎಂದು ಹೇಳಬಲ್ಲ ಕಣ್ಣಿಗೆ ಮೀಸೆ ಬೇಕಾಗಿಲ್ಲ.

ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2012ರಲ್ಲಿ ಪಾಟ್ನಾದಲ್ಲಿ ನಡೆದ ಮಹಿಳಾ ಕಬಡ್ಡಿ ವಿಶ್ವಕಪ್‌ನಲ್ಲಿ ಭಾರತದ ನಾಯಕಿ. ಕಪ್ ಗೆದ್ದು ತಂದರು. 2010 ಮತ್ತು 2014ರ ಏಷ್ಯನ್ ಗೇಮ್ಸ್‌ನ ಚಿನ್ನದ ತಂಡಗಳಲ್ಲಿದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅಂಥವರನ್ನು ನಾವು ಶಾಲು ಹೊದೆಸಲು ಕರೆಯುತ್ತೇವೆ. "ಅಕ್ಕ, ನಮ್ಮ ಹುಡುಗರ ಡಿಫೆನ್ಸ್ ಸ್ವಲ್ಪ ನೋಡಿ" ಎಂದು ಅವರ ಪೀಳಿಗೆಯ ಯಾವ ಆಟಗಾರ್ತಿಯನ್ನಾದರೂ ನಮ್ಮ ಕ್ಲಬ್ಬುಗಳು ಕೇಳಿವೆಯೇ? ಶಾಲು ಪೆಟ್ಟಿಗೆ ಸೇರುತ್ತದೆ, ಆಟದ ಅರಿವೂ ಅದರ ಜೊತೆಗೇ ಪೆಟ್ಟಿಗೆ ಸೇರುತ್ತದೆ.

ಇನ್ನು, ನಮ್ಮ ಜಿಲ್ಲೆಯಲ್ಲಿ "ಆಟ" ಎಂದರೆ ಮೊದಲು ಯಕ್ಷಗಾನ ಬಯಲಾಟ ತಾನೇ? ಅಲ್ಲಿ ಕೋಚ್ ಯಾರು? ಭಾಗವತರು. ವೇಷ ಯಾವಾಗ ಒಳಗೆ ಬರಬೇಕು, ಕುಣಿತ ಎಷ್ಟು ಹೊತ್ತು, ಯಾರ ಮಾತು ಹೆಚ್ಚಾಯಿತು ಎಂಬುದೆಲ್ಲ ಅವರ ಕೈಯಲ್ಲಿ. ಅರ್ಥ ಉದ್ದವಾದರೆ ಮುಂದಿನ ಪದ್ಯ ಎತ್ತಿ ಮೊಟಕು ಮಾಡುತ್ತಾರೆ. ಎಂಥ ಹೆಸರುವಾಸಿ ರಾವಣನಾದರೂ ಬಾಯಿ ಮುಚ್ಚಬೇಕು. ಆ ಜಾಗದಲ್ಲಿ ಕೂತವರು ಲೀಲಾವತಿ ಬೈಪಾಡಿತ್ತಾಯ. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿ, ವೃತ್ತಿಮೇಳಗಳಲ್ಲಿ ಹಾಡಿದ ಮೊದಲ ಮಹಿಳಾ ಭಾಗವತರು. ಗಂಡಸರೇ ತುಂಬಿದ ಮೇಳಗಳ ಜೊತೆ ತಿರುಗಾಟ ಮಾಡಿದರು, ರಾತ್ರಿ ಬೆಳಗಾಗುವ ತನಕ ಮೀಸೆ ಕಟ್ಟಿದ ವೇಷಗಳನ್ನು ಕುಣಿಸಿದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರಿಂದ ಭಾಗವತಿಕೆ ಕಲಿತವರಲ್ಲಿ ಗಂಡುಮಕ್ಕಳೂ ಇದ್ದಾರೆ. ರಂಗಸ್ಥಳದಲ್ಲಿ ಒಪ್ಪಿದ್ದನ್ನು ಕಬಡ್ಡಿ ಅಂಕಣದಲ್ಲಿ ಒಪ್ಪಲು ನಮಗೆ ಏನು ಕಷ್ಟ?

"ಡ್ರೆಸ್ಸಿಂಗ್ ರೂಮಿಗೆ ಹೆಂಗಸರು ಹೇಗೆ ಬರುವುದು?" ಎನ್ನುತ್ತೀರಾ? ಯಾವ ಡ್ರೆಸ್ಸಿಂಗ್ ರೂಮು ಮಾರಾಯ್ರೆ! ನಮ್ಮ ಪಂದ್ಯಾಟಗಳಲ್ಲಿ ಓಮ್ನಿಯ ಹಿಂಬಾಗಿಲೇ ಡ್ರೆಸ್ಸಿಂಗ್ ರೂಮು. ಹತ್ತು ನಿಮಿಷ ಅವರು ಆಚೆ ನಿಂತರಾಯಿತು. ನಿಜವಾದ ತೊಂದರೆ ಬೇರೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಂಗಣದ ಹತ್ತಿರ ಹೆಂಗಸರಿಗೆ ಶೌಚಾಲಯ ಇರುವುದಿಲ್ಲ. ಫೈನಲ್ ಮುಗಿಯುವಾಗ ಗಂಟೆ ಮೂರು, ಮನೆಗೆ ಬಿಡುವವರು ಯಾರು? ಇದು ಸಮಿತಿಯ ಕೆಲಸ. ಲೈಟಿಂಗಿಗೂ ಡಿಜೆಗೂ ದುಡ್ಡು ಕೂಡಿಸುವ ನಮಗೆ ಒಂದು ಶೌಚಾಲಯ, ಒಂದು ಕಾರು ಕಷ್ಟವಲ್ಲ.

ಹೊರಗಿನ ಲೋಕ ಕಾಯುತ್ತಾ ಕೂತಿಲ್ಲ. 2016ರಲ್ಲಿ ಹಾಂಗ್‌ಕಾಂಗಿನ ಚಾನ್ ಯುಯೆನ್ ಟಿಂಗ್, ಆಗ 27 ವರ್ಷ, ಈಸ್ಟರ್ನ್ ಎಂಬ ಪುರುಷರ ಫುಟ್‌ಬಾಲ್ ತಂಡವನ್ನು ಕೋಚ್ ಆಗಿ ಅಲ್ಲಿನ ಲೀಗ್ ಚಾಂಪಿಯನ್ ಮಾಡಿದರು. ಫ್ರಾನ್ಸಿನ ಕೊರಿನ್ ಡಿಯಾಕ್ರ್ ಎರಡನೇ ದರ್ಜೆಯ ಪುರುಷರ ಕ್ಲಬ್ ಒಂದಕ್ಕೆ ಮೂರು ಋತು ಕೋಚ್ ಆಗಿದ್ದರು. ನಾವು ಕೂಗಿ ಕುಣಿಯುವ ಆರ್‌ಸಿಬಿಯೇ 2020ರ ಐಪಿಎಲ್‌ಗೆ ನವನೀತಾ ಗೌತಮ್ ಅವರನ್ನು ಮಸಾಜ್ ಥೆರಪಿಸ್ಟ್ ಆಗಿ ಸೇರಿಸಿಕೊಂಡಿತು.  2023ರ ಜನವರಿಯಲ್ಲಿ ಪುರುಷರ ರಣಜಿ ಪಂದ್ಯಗಳಿಗೆ ಮೂವರು ಮಹಿಳಾ ಅಂಪೈರ್‌ಗಳು ನಿಂತರು. ಮಣಿಪಾಲದಲ್ಲಿ ಫಿಸಿಯೋಥೆರಪಿ ಕಲಿಯುವ ಹೆಣ್ಣುಮಕ್ಕಳು ನಮ್ಮ ಕಣ್ಣೆದುರೇ ಓಡಾಡುತ್ತಾರೆ, ನಮ್ಮ ಹುಡುಗರು ಉಳುಕಿದ ಕಾಲಿಗೆ ಐಸ್ ಹುಡುಕುತ್ತಾ ಕೂಲ್‌ಡ್ರಿಂಕ್ಸ್ ಅಂಗಡಿಗೆ ಓಡುತ್ತಾರೆ.

ನಾವು ಕೇಳುವುದು ಇಷ್ಟು. ಈ ಋತುವಿನಲ್ಲಿ ಪ್ರತಿ ಕ್ಲಬ್ ತನ್ನ ಪುರುಷರ ತಂಡಕ್ಕೆ ಒಬ್ಬ ಮಹಿಳಾ ಕೋಚ್ ಅಥವಾ ಮ್ಯಾನೇಜರನ್ನು ನೇಮಿಸಲಿ. ಗಂಡಸರಿಗೆ ಕೊಡುವಷ್ಟೇ ಗೌರವಧನ, ಪೆಟ್ರೋಲ್ ಖರ್ಚು ಕೊಡಲಿ. ಸಂಜೆಯ ಅಭ್ಯಾಸಕ್ಕೆ, ಅಜ್ಜರಕಾಡಿನಲ್ಲಾಗಲಿ ಸ್ವರಾಜ್ ಮೈದಾನದಲ್ಲಾಗಲಿ, ಮೊದಲ ದಿನದಿಂದಲೇ ಅವರು ಬರಲಿ. ಫೈನಲ್‌ನ ಫೋಟೋಕ್ಕೆ ಮಾತ್ರ ಬೇಡ. ಬಹುಮಾನ ಪ್ರಾಯೋಜಿಸುವ ಮುಂಬೈ, ದುಬೈಯ ಅಣ್ಣಂದಿರೇ, ಚೆಕ್ ಬರೆಯುವ ಮೊದಲು "ಬೆಂಚಿನಲ್ಲಿ ಯಾರಿದ್ದಾರೆ?" ಎಂದು ಒಂದು ಮಾತು ಕೇಳಿ. ನಿವೃತ್ತ ಪಿ.ಟಿ. ಟೀಚರ್‌ಗಳೇ, ಮದುವೆಯಾದ ಮೇಲೆ ಶೂ ಅಟ್ಟಕ್ಕೆ ಹಾಕಿದ ಅಕ್ಕಂದಿರೇ, ಯಾರಾದರೂ ಕರೆಯಲಿ ಎಂದು ಕಾಯಬೇಡಿ, ಸಂಜೆ ಐದಕ್ಕೆ ಅಂಗಣಕ್ಕೆ ಬಂದುಬಿಡಿ.

ಈ ಕಾಗದವನ್ನು ಮಡಚಿ ಚುರುಮುರಿ ತಿನ್ನಬೇಡಿ. ಕ್ಲಬ್ಬಿನ ಕೇರಂ ಬೋರ್ಡಿನ ಮೇಲೆ ಇಡಿ. ಮುಂದಿನ ಪಂದ್ಯಾಟದ ಪ್ರವೇಶ ಪತ್ರ ತುಂಬಿಸುವಾಗ "ತಂಡದ ಮ್ಯಾನೇಜರ್" ಎಂಬ ಗೆರೆ ಬರುತ್ತದೆಯಲ್ಲ, ಅಲ್ಲಿ ಪೆನ್ನು ಒಂದು ನಿಮಿಷ ನಿಲ್ಲಲಿ.

— ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಆಟದ ಹುಚ್ಚಿನವರು