ಪರಮಾಣುಗಳಿಗೆ ಬಯಕೆಯುಂಟೆ?

ರಸಾಯನಶಾಸ್ತ್ರದ ತರಗತಿಯಲ್ಲಿ ಹೇಳುವ ಒಂದು ಕಥೆ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದೇ. ಸೋಡಿಯಂ ಪರಮಾಣು ತನ್ನ ಹೊರಕವಚದ ಒಂಟಿ ಎಲೆಕ್ಟ್ರಾನನ್ನು ಕೊಟ್ಟುಬಿಡಲು ಬಯಸುತ್ತದೆ, ಕ್ಲೋರೀನ್ ಪರಮಾಣು ಅದನ್ನು ಪಡೆಯಲು ಹಾತೊರೆಯುತ್ತದೆ, ಎರಡೂ ಎಂಟೆಂಟು ಎಲೆಕ್ಟ್ರಾನುಗಳ ಕವಚವನ್ನು ಪಡೆದು ತೃಪ್ತಿಹೊಂದುತ್ತವೆ, ಉಪ್ಪು ಹುಟ್ಟುತ್ತದೆ. ಕಥೆ ಸೊಗಸಾಗಿದೆ, ನೆನಪಿನಲ್ಲಿಯೂ ನಿಲ್ಲುತ್ತದೆ. ಆದರೆ ನೆನಪಿಗೆ ನೆರವಾಗುವ ಮಾತನ್ನೇ ಕಾರಣವೆಂದು ಕಲಿಸುವುದು ಉಚಿತವಲ್ಲವೆಂಬುದು ನಮ್ಮ ಅಭಿಪ್ರಾಯ.

ಶಕ್ತಿಯ ಲೆಕ್ಕವನ್ನು ನೋಡೋಣ. ಅನಿಲರೂಪದಲ್ಲಿರುವ ಒಂದು ಮೋಲ್ ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನನ್ನು ಕೀಳಬೇಕಾದರೆ 496 ಕಿಲೋಜೂಲ್ ಶಕ್ತಿಯನ್ನು ವ್ಯಯಿಸಬೇಕು. ಅವನ್ನು ಕ್ಲೋರೀನ್ ಪರಮಾಣುಗಳು ಸ್ವೀಕರಿಸಿದಾಗ ಹಿಂದಿರುಗುವುದು 349 ಕಿಲೋಜೂಲ್ ಮಾತ್ರ. ವ್ಯವಹಾರ ಇಷ್ಟಕ್ಕೇ ನಿಂತರೆ 147 ಕಿಲೋಜೂಲ್ ನಷ್ಟ! ಬಯಸಿ ಕೊಡುವುದಾದರೆ ಕೀಳುವ ಶ್ರಮವೇಕೆ? ಈ ನಷ್ಟವನ್ನು ತುಂಬಿಕೊಡುವುದು ವಿದ್ಯುದಾಕರ್ಷಣೆ. ಧನ ಅಯಾನುಗಳೂ ಋಣ ಅಯಾನುಗಳೂ ಒಂದರ ಸುತ್ತ ವಿರುದ್ಧ ಜಾತಿಯ ಆರರಂತೆ ಸ್ಫಟಿಕದಲ್ಲಿ ಅಣಿಗೊಂಡಾಗ ಸುಮಾರು 787 ಕಿಲೋಜೂಲ್ ಹೊರಬೀಳುತ್ತದೆ. ಉಪ್ಪು ಉಂಟಾಗುವುದರ ಮರ್ಮ ಇಲ್ಲಿದೆ, ಎಂಟೆಂಬ ಸಂಖ್ಯೆಯಲ್ಲಿಲ್ಲ.

ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವ ಬಂಧದಲ್ಲಿಯೂ ಲೆಕ್ಕ ಇಂಥದೇ. ಎರಡು ಹೈಡ್ರೊಜನ್ ಪರಮಾಣುಗಳು ಸಮೀಪಿಸಿದಾಗ ಅವುಗಳ ಎಲೆಕ್ಟ್ರಾನುಗಳೆರಡೂ ಎರಡು ಬೀಜಕೇಂದ್ರಗಳ ಸೆಳೆತಕ್ಕೆ ಒಳಗಾಗುತ್ತವೆ; ಒಟ್ಟು ಶಕ್ತಿ ತಗ್ಗುತ್ತದೆ. ಇನ್ನೂ ಹತ್ತಿರ ಬಂದರೆ ಬೀಜಕೇಂದ್ರಗಳ ವಿಕರ್ಷಣೆ ಮೇಲುಗೈಯಾಗುತ್ತದೆ. ಈ ಎಳೆತ ತಳ್ಳಾಟಗಳ ನಡುವೆ, 74 ಪಿಕೋಮೀಟರ್ ಅಂತರದಲ್ಲಿ, ಶಕ್ತಿ ಕನಿಷ್ಠವಾಗಿರುತ್ತದೆ. ಬಂಧವೆಂದರೆ ಇದೇ. ಕ್ವಾಂಟಂ ಸಿದ್ಧಾಂತದ ಆಧಾರದಿಂದ ಈ ಬಂಧವನ್ನು 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಎಂಬ ವಿಜ್ಞಾನಿಗಳು ಗಣಿಸಿ ತೋರಿಸಿದರು.

ಕಥೆಯಾದರೇನು, ಲೆಕ್ಕವಾದರೇನು, ಉತ್ತರ ಒಂದೇ ಅಲ್ಲವೆ ಎಂದು ಕೇಳಬಹುದು. ಅಲ್ಲ. ಅಷ್ಟಕ ಪೂರ್ಣವಾಗಿರುವ ಕ್ಸೆನಾನಿನಂಥ ಜಡಾನಿಲಗಳು ಯಾವುದರೊಡನೆಯೂ ಕೂಡಲಾರವೆಂಬ ನಂಬಿಕೆ ಬಹುಕಾಲ ಬೇರೂರಿತ್ತು. ತೃಪ್ತನಾದವನಿಗೆ ಬಯಕೆಯೆಲ್ಲಿಯದು? ಕೆನಡದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿದ್ದ ನೀಲ್ ಬಾರ್ಟ್‌ಲೆಟ್ ಅವರು ಮಾತ್ರ ಅಂಕಿಗಳನ್ನು ಹೋಲಿಸಿ ನೋಡಿದರು. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಕ್ಸಿಜನ್ ಅಣುವಿನಿಂದಲೂ ಎಲೆಕ್ಟ್ರಾನನ್ನು ಕಸಿಯುತ್ತಿತ್ತು. ಅದಕ್ಕೆ ಬೇಕಾದ ಶಕ್ತಿ ಮೋಲಿಗೆ ಸುಮಾರು 1165 ಕಿಲೋಜೂಲ್. ಕ್ಸೆನಾನಿಗೆ ಬೇಕಾದುದು ಸುಮಾರು 1170. ಅಂತರ ಅತ್ಯಲ್ಪವಾಗಿರುವಾಗ ಏಕೆ ಪರೀಕ್ಷಿಸಬಾರದು? 1962ರಲ್ಲಿ ಎರಡು ಅನಿಲಗಳನ್ನೂ ಬೆರೆಸಿದಾಗ ಹಳದಿ ಛಾಯೆಯ ಘನವಸ್ತುವೊಂದು ದೊರಕಿತು. ಕಥೆ ಮುಚ್ಚಿದ್ದ ಬಾಗಿಲನ್ನು ಲೆಕ್ಕ ತೆರೆಯಿತು.

ಅಷ್ಟಕ ನಿಯಮವನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಸಾಮಾನ್ಯ ಅಣುಗಳ ರಚನೆಯನ್ನು ಊಹಿಸಲು ಅದು ಇಂದಿಗೂ ಉಪಯುಕ್ತ. ಆದರೆ ಅದು ಕೈಮರವೇ ಹೊರತು ಊರಲ್ಲ. ಆದುದರಿಂದ ವಿದ್ಯಾರ್ಥಿಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೆ: ಪರಮಾಣು ಬಯಸುತ್ತದೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ, ಇದರಿಂದ ಶಕ್ತಿ ಎಷ್ಟು ತಗ್ಗಿತು ಎಂದು ಕೇಳಿರಿ. ವಿಜ್ಞಾನ ಮೊದಲಾಗುವುದು ಆ ಪ್ರಶ್ನೆಯಿಂದ.