ಅಜ್ಜಿ ನೀರು ಯಾಕೆ ಕುಡಿಯೋದಿಲ್ಲ?

ವೃದ್ಧಾಶ್ರಮ ಅಂದ ಕೂಡಲೇ ನಮಗೆ ಬೆಂಗಳೂರೋ ಮೈಸೂರೋ ನೆನಪಾಗುತ್ತೆ. ಆದ್ರೆ ಕಿರವತ್ತಿಯಿಂದ ಯಲ್ಲಾಪುರ, ಅಲ್ಲಿಂದ ಶಿರಸಿ, ಸಿದ್ದಾಪುರದ ತನಕ ಒಳದಾರಿ ಹಿಡಿದು ಒಮ್ಮೆ ಹೋಗಿ ನೋಡಿ. ದೊಡ್ಡ ಮನೆ, ಒಳಗೆ ಎಪ್ಪತ್ತು ದಾಟಿದ ಎರಡೇ ಜೀವ. ಮಕ್ಕಳು ನನ್ನ ಹಾಗೇ ಬೆಂಗಳೂರಲ್ಲಿ ಕೀಬೋರ್ಡ್ ಕುಟ್ಟುತ್ತಾ ಇರ್ತಾರೆ. ಬೋರ್ಡ್ ಇಲ್ಲ, ನರ್ಸ್ ಇಲ್ಲ ಅನ್ನೋದು ಬಿಟ್ರೆ ಎಷ್ಟೋ ಊರಿಗೆ ಊರೇ ವೃದ್ಧಾಶ್ರಮ ಮಾರಾಯ್ರೆ!

ಈ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಕಾಯಿಲೆ ಇದೆ. ಉರಿಮೂತ್ರ. ಡಾಕ್ಟರ ಭಾಷೆಯಲ್ಲಿ ಯೂರಿನರಿ ಇನ್‌ಫೆಕ್ಷನ್. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಹಾಗಾಗಿ ಬ್ಯಾಕ್ಟೀರಿಯಾಗೆ ದಾರಿ ಹತ್ತಿರ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು, ಅಲ್ಲಿ ಕಾವಲಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕಮ್ಮಿ ಆಗ್ತವೆ. ಇದರ ಮೇಲೆ ಸಕ್ಕರೆ ಕಾಯಿಲೆ, ಮಲಬದ್ಧತೆ ಇದ್ದರಂತೂ ಮುಗೀತು.

"ನೀರು ಜಾಸ್ತಿ ಕುಡಿಯಮ್ಮಾ" ಅಂತ ಫೋನಲ್ಲಿ ನಾವೆಲ್ಲ ಹೇಳೋದೇ. ಅಮ್ಮ "ಹೂಂ" ಅಂತಾಳೆ, ಕುಡಿಯೋದಿಲ್ಲ. ಯಾಕೆ? ಕುಡಿದರೆ ಏಳಬೇಕಲ್ಲ! ಎಷ್ಟೋ ಹಳೇ ಮನೆಗಳಲ್ಲಿ ಪಾಯಖಾನೆ ಹಿತ್ತಲಾಚೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಕರೆಂಟು ಇಲ್ಲ, ಮಂಡಿನೋವು, ಹೋದರೆ ಕೂರಲಾಗದ ಇಂಡಿಯನ್ ಕಕ್ಕಸು. ಬಿದ್ದು ಸೊಂಟ ಮುರಿಯೋದಕ್ಕಿಂತ ಬಾಯಾರಿಕೆ ತಡ್ಕೊಳ್ಳೋದು ವಾಸಿ ಅಂತ ಆಕೆ ಲೆಕ್ಕ ಹಾಕಿದಾಳೆ. ಆ ಲೆಕ್ಕ ತಪ್ಪು ಅಂತ ನನಗಂತೂ ಅನ್ನಿಸೋದಿಲ್ಲ. ನಿಜವಾದ ವೃದ್ಧಾಶ್ರಮಗಳಲ್ಲೂ ಇದೇ ಕಥೆ. ಅಲ್ಲಿ ಹಿತ್ತಲ ಬದಲು, ಕರೆದರೆ ಬರೋ ಆಯಾ ಇಲ್ಲ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಗ್ ಇರೋದು ಅಜ್ಜಿಯಲ್ಲಲ್ಲ, ಸಿಸ್ಟಮ್ಮಿನಲ್ಲಿ :) ನಾವು ಮಾತ್ರ ಮೆಡಿಕಲ್ ಶಾಪಿಗೆ ಫೋನ್ ಮಾಡಿ ಆ್ಯಂಟಿಬಯಾಟಿಕ್ ಅನ್ನೋ ಪ್ಯಾಚ್ ಹಾಕ್ತೀವಿ. ಮೂರು ಗುಳಿಗೆ ನುಂಗಿ ಉರಿ ನಿಂತಿತು ಅಂತ ಉಳಿದದ್ದು ಡಬ್ಬಿಗೆ. ಮುಂದಿನ ಸಲ ಅದೇ ಮಾತ್ರೆ ನಾಟೋದೇ ಇಲ್ಲ.

ಇಂಗ್ಲೆಂಡಿನ 4 ಆರೈಕೆ ಮನೆಗಳಲ್ಲಿ ಒಂದು ಸರಳ ಪ್ರಯೋಗ ಮಾಡಿದ್ರು, ವರದಿ 2019ರಲ್ಲಿ ಬಂತು. ದಿನಕ್ಕೆ 7 ಸಲ, ಹೊತ್ತು ಹೊತ್ತಿಗೆ ಏನಾದರೊಂದು ಕುಡಿಯೋಕೆ ಕೈಗೇ ಕೊಡೋದು. ಅಷ್ಟೇ! ಆ್ಯಂಟಿಬಯಾಟಿಕ್ ಬೇಕಾಗುವಂಥ ಸೋಂಕು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಚಿಕ್ಕ ಪ್ರಯೋಗ ನಿಜ, ಆದ್ರೆ ಖರ್ಚೇನು? ಮಜ್ಜಿಗೆ, ಬಾರ್ಲಿ ನೀರು, ಗಂಜಿತಿಳಿ, ಕಷಾಯ ನಮಗೇನು ಬರ! (ಅಪ್ಪೆಹುಳಿ ಕುಡಿಸಬಹುದಾ ಅಂದ್ರೆ, ಬಿಪಿ ಇದ್ದರೆ ಉಪ್ಪು ನೋಡ್ಕೊಳ್ಳಿ.) ಹೃದಯದ, ಕಿಡ್ನಿಯ ತೊಂದರೆ ಇರೋರು ಮಾತ್ರ ಎಷ್ಟು ಕುಡಿಯಬೇಕು ಅಂತ ಡಾಕ್ಟರನ್ನ ಕೇಳಲೇಬೇಕು. ಪದೇ ಪದೇ ಬರೋರಿಗೆ ಒಳಗೆ ಹಚ್ಚೋ ಈಸ್ಟ್ರೋಜನ್ ಮುಲಾಮು ಇದೆ, ಅದನ್ನೂ ಕೇಳಿ. ಕ್ರ್ಯಾನ್‌ಬೆರಿ ಮಾತ್ರೆಗೆ ದುಡ್ಡು ಸುರಿಯಬೇಡಿ. ಅಮೆರಿಕದ ನರ್ಸಿಂಗ್ ಹೋಮುಗಳ 185 ಹೆಂಗಸರ ಮೇಲೆ ನೋಡಿ, ಉಪಯೋಗ ಕಾಣಲಿಲ್ಲ ಅಂತ 2016ರಲ್ಲೇ ಹೇಳಿದ್ದಾರೆ.

ಇನ್ನೊಂದು ಮಾತು. ಉರಿ, ಜ್ವರ ಏನೂ ಇಲ್ಲದೆ ಬರೀ ಲ್ಯಾಬ್ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಕಂಡರೆ, ವಯಸ್ಸಾದವರಲ್ಲಿ ಅದಕ್ಕೆ ಸಾಮಾನ್ಯವಾಗಿ ಔಷಧಿ ಬೇಡ. ಆದ್ರೆ ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ, ಇದ್ದಕ್ಕಿದ್ದ ಹಾಗೆ ಮಂಕು ಕವಿಯೋದು ಕಂಡರೆ ಒಂದು ಗಂಟೆಯನ್ನೂ ಕಾಯಬೇಡಿ. ಕಿರವತ್ತಿಯ ಕಡೆಯವರು ದೊಡ್ಡ ಆಸ್ಪತ್ರೆಗೆ ಹುಬ್ಬಳ್ಳಿಯ ದಾರಿಯನ್ನೇ ಹಿಡೀಬೇಕು.

2022ರಲ್ಲಿ ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವೆಲ್ಲ ಟ್ವೀಟ್ ಮಾಡಿದ್ವಿ. ಬೇಕೇ ಬೇಕು, ಬಿಡಬಾರದು. ಆದ್ರೆ ಮಲಗೋ ಕೋಣೆ ಪಕ್ಕ ಒಂದು ಕಮೋಡು, ಗೋಡೆಗೊಂದು ಹಿಡಿಕೆ, ರಾತ್ರಿಗೊಂದು ಚಾರ್ಜಿಂಗ್ ದೀಪ, ಇದಕ್ಕೆ ಯಾವ ಸರ್ಕಾರ ಬೇಕು? ಊರಿಗೆ ಸ್ಮಾರ್ಟ್ ಟಿವಿ ಕಳಿಸೋ ನಾವು ಇಷ್ಟು ಮಾಡಬಾರದಾ?

ಈ ಸಲ ಊರಿಗೆ ಹೋದಾಗ "ನೀರು ಕುಡೀತೀಯಾ?" ಅಂತ ಕೇಳಬೇಡಿ. "ರಾತ್ರಿ ಒಂದಕ್ಕೆ ಹೋಗೋದು ಹೇಗೆ?" ಅಂತ ಕೇಳಿ. ನಾಚಿಕೆ ಆಗುತ್ತೆ, ಆದ್ರೂ ಕೇಳಿ. ಏನಂತೀರಿ?