ಆಸ್ಪತ್ರೆಗಳ ವಿದ್ಯುತ್ ಹೊರೆ: ಸರಕಾರದ ನೆರವು ಎಲ್ಲಿ ಬೇಕು?

ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಕಾರ್ಖಾನೆಯ ಪಾಳಿ ಬದಲಿಸಬಹುದು, ಮಾಲ್‌ನ ದೀಪ ಕಡಿಮೆ ಮಾಡಬಹುದು. ಆಸ್ಪತ್ರೆಗೆ ಈ ಅನುಕೂಲವಿಲ್ಲ. ಹೊರರೋಗಿಗಳ ಸಾಲು, ಶಸ್ತ್ರಚಿಕಿತ್ಸೆ, ಎಕ್ಸ್‌ರೇ, ಲಿಫ್ಟು, ಹವಾನಿಯಂತ್ರಣ ಎಲ್ಲವೂ ಅಲ್ಲಿ ಒಟ್ಟಿಗೆ ನಡೆಯಬೇಕು.

2024ರ ಮೇ 30ರಂದು ದೇಶದ ವಿದ್ಯುತ್ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿತು. ಅದೇ ಬೇಸಿಗೆಯಲ್ಲಿ ಮುಂಬಯಿಯ ಬೇಡಿಕೆ 4,000 ಮೆಗಾವ್ಯಾಟ್ ದಾಟಿತು. 2020ರ ಅಕ್ಟೋಬರ್ 12ರಂದು ಮಹಾನಗರದಲ್ಲಿ ವಿದ್ಯುತ್ ಏಕಾಏಕಿ ಕಡಿತಗೊಂಡಾಗ, ಆಸ್ಪತ್ರೆಗಳಲ್ಲಿ ಕನಿಷ್ಠ 8 ಗಂಟೆಗೆ ಸಾಕಾಗುವ ಡೀಸೆಲ್ ಇರುವಂತೆ ನೋಡಿಕೊಳ್ಳಲು ಮಹಾನಗರಪಾಲಿಕೆ ಸೂಚಿಸಬೇಕಾಯಿತು.

ದೊಡ್ಡ ಸಂಪರ್ಕವಿರುವ ಆಸ್ಪತ್ರೆಗೆ ಬರುವ ಬಿಲ್ಲು ಬರೇ ಯೂನಿಟ್ ಲೆಕ್ಕದ್ದಲ್ಲ. ತಿಂಗಳಲ್ಲಿ ಯಾವುದೋ ಒಂದು ದಿನ 15 ಅಥವಾ 30 ನಿಮಿಷ ಬಳಕೆ ಗರಿಷ್ಠಕ್ಕೆ ಏರಿದರೆ, ಇಡೀ ತಿಂಗಳ ಡಿಮಾಂಡ್ ಶುಲ್ಕ ಆ ಏರಿಕೆಯ ಮೇಲೆ ಬೀಳಬಹುದು. ಇದಲ್ಲದೆ, 2023ರಲ್ಲಿ ಕೇಂದ್ರ ಸರಕಾರ ತಿದ್ದಿದ ನಿಯಮಗಳ ಪ್ರಕಾರ ಬಿಸಿಲಿನ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಅಧಿಕ ಬೇಡಿಕೆಯ ಹೊತ್ತಿನಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಕನಿಷ್ಠ ಶೇ. 20, ಇತರರಿಗೆ ಕನಿಷ್ಠ ಶೇ. 10 ಹೆಚ್ಚು ಇರಬೇಕು.

ಪರಿಹಾರ ಇಲ್ಲವೆಂದಲ್ಲ. ಅಗ್ಗದ ಹೊತ್ತಿನಲ್ಲಿ ನೀರು ತಣಿಸಿ ಟ್ಯಾಂಕಿಯಲ್ಲಿಟ್ಟು ನಂತರ ಹವಾನಿಯಂತ್ರಣಕ್ಕೆ ಬಳಸಬಹುದು. ನೀರಿನ ಪಂಪು, ಲಾಂಡ್ರಿ ಮುಂತಾದವುಗಳ ವೇಳೆ ಬದಲಿಸಬಹುದು. ಸೌರಫಲಕ, ಬ್ಯಾಟರಿ ಅಳವಡಿಸಬಹುದು. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಮೊದಲೇ ದುಡ್ಡು ಹಾಕಬೇಕು.

ಒಂದು ಸರಳ ಲೆಕ್ಕ ನೋಡೋಣ. ಟ್ರಸ್ಟಿನ ಆಸ್ಪತ್ರೆಯೊಂದು 12 ಲಕ್ಷ ರೂ. ಖರ್ಚು ಮಾಡಿ 40 ಕೆವಿಎ ಹೊರೆ ಇಳಿಸಿತೆಂದು ಇಟ್ಟುಕೊಳ್ಳೋಣ. ಡಿಮಾಂಡ್ ಶುಲ್ಕ ಕೆವಿಎಗೆ ತಿಂಗಳಿಗೆ 400 ರೂ. ಆದರೆ ವರ್ಷದ ಉಳಿತಾಯ 1.92 ಲಕ್ಷ ರೂ. ಅಸಲು ಮರಳಲು ಆರು ವರ್ಷಕ್ಕೂ ಹೆಚ್ಚು ಬೇಕು, ಬಡ್ಡಿ ಬೇರೆ. ಶೇ. 40 ಸಹಾಯಧನ ಸಿಕ್ಕಿದರೆ ನಾಲ್ಕು ವರ್ಷದೊಳಗೆ ಮರಳುತ್ತದೆ. ಮೊದಲ ಲೆಕ್ಕಕ್ಕೆ ಟ್ರಸ್ಟಿಗಳು ತಲೆಯಾಡಿಸಲಾರರು, ಎರಡನೆಯದಕ್ಕೆ ಒಪ್ಪಿಯಾರು.

ಶೇ. 40 ಎಂಬುದು ಗಾಳಿಯಲ್ಲಿ ಹೇಳಿದ ಸಂಖ್ಯೆಯಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಬ್ಯಾಟರಿ ಯೋಜನೆಯಲ್ಲಿ ಬಂಡವಾಳ ವೆಚ್ಚದ ಶೇ. 40ರ ವರೆಗೆ ನೆರವು ಇತ್ತು. ಬಜೆಟ್ ಪಾಲು 3,760 ಕೋಟಿ ರೂ. ಆದರೆ ಸಾಮರ್ಥ್ಯದ ಕನಿಷ್ಠ ಶೇ. 85 ವಿತರಣಾ ಕಂಪೆನಿಗಳಿಗೇ ಮೀಸಲು. ಜಾಲಕ್ಕೆ ಬ್ಯಾಟರಿ ಬೇಕು, ನಿಜ. ಆದರೆ ಆಸ್ಪತ್ರೆಯೊಳಗೆ ಇಳಿಸಿದ ಹೊರೆಯೂ ಜಾಲಕ್ಕೆ ಅಷ್ಟೇ ಉಪಕಾರಿ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ಈ ದಾರಿ ತೋರಿಸಿದೆ. ಅಲ್ಲಿನ ಇಂಧನ ಆಯೋಗದ ಸುಮಾರು 48 ಲಕ್ಷ ಡಾಲರ್ ನೆರವಿನಿಂದ ರಿಚ್ಮಂಡ್‌ನ ಕೈಸರ್ ಪರ್ಮನೆಂಟೆ ಆಸ್ಪತ್ರೆ 250 ಕಿಲೊವ್ಯಾಟ್ ಸೌರಫಲಕ, ಒಂದು ಮೆಗಾವ್ಯಾಟ್ ಅವರ್ ಬ್ಯಾಟರಿ ಅಳವಡಿಸಿಕೊಂಡಿತು. ಅದು ಬಿಲ್ಲೂ ಇಳಿಸುತ್ತದೆ, ಕರೆಂಟು ಹೋದಾಗ ಆಸರೆಯೂ ಆಗುತ್ತದೆ.

ನಮ್ಮಲ್ಲಿ ಡಯಾಲಿಸಿಸ್ ಯಂತ್ರಕ್ಕೆ, ಆಂಬ್ಯುಲೆನ್ಸಿಗೆ ದಾನಿಗಳು ಮುಂದೆ ಬರುತ್ತಾರೆ. ಹಳೆಯ ಎ.ಸಿ. ಘಟಕ ಬದಲಿಸಲು ಕೊಡುವವರು ವಿರಳ. ಅಲ್ಲಿ ಹೆಸರಿನ ಫಲಕ ಹಾಕಲು ಜಾಗವಿಲ್ಲ. ಆದುದರಿಂದಲೇ ಇದು ಸಾರ್ವಜನಿಕ ಹಣದ ಕೆಲಸ.

ನೆರವಿಗೆ ಎರಡು ಷರತ್ತು ಬೇಕು. ಐಸಿಯು, ಶಸ್ತ್ರಚಿಕಿತ್ಸಾ ಕೊಠಡಿಗಳ ವಿದ್ಯುತ್ತನ್ನು ಮುಟ್ಟಬಾರದು. ಹಣದ ಒಂದು ಭಾಗವನ್ನು ಮೀಟರಿನಲ್ಲಿ ಹೊರೆ ಇಳಿದುದು ಕಂಡ ಮೇಲೆಯೇ ಕೊಡಬೇಕು. ಪಾಲಿಕೆ ಮತ್ತು ಟ್ರಸ್ಟ್ ಆಸ್ಪತ್ರೆಗಳಿಗೆ ಆದ್ಯತೆ ಸಿಗಬೇಕು. ಅವುಗಳ ಬಿಲ್ಲಿನಲ್ಲಿ ಉಳಿದ ರೂಪಾಯಿ ಬಡ ರೋಗಿಯ ಔಷಧಿಗೆ ಒದಗೀತು. ರಾಜ್ಯ ಸರಕಾರ ಮತ್ತು ವಿದ್ಯುತ್ ನಿಯಂತ್ರಣ ಆಯೋಗ ಈ ಬಗ್ಗೆ ಗಮನಹರಿಸಬೇಕಾಗಿದೆ.